ತೋಟದ ಶೆಡ್ಡಿನಿಂದ ಬಂದ ಮಾರಿಸ್ ಮೈನರ್ ಕನ್ವರ್ಟಿಬಲ್‌ಗೆ ಸರಿಯಾದ ಒರಿಜಿನಲ್ ಪಾರ್ಟ್ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಾರಿಸ್ ಮೈನರ್ ಅಂದರೆ ಇಂಗ್ಲೆಂಡಿನ ಹಳೇ ಸಣ್ಣ ಕಾರು, ಕನ್ವರ್ಟಿಬಲ್ ಅಂದರೆ ಅದರ ಮಡಿಚುವ ಕ್ಯಾನ್ವಾಸ್ ಟಾಪಿನ ಮಾದರಿ. ಹೋದ ಮಳೆಗಾಲ ಮುಗಿದ ಮೇಲೆ ಹಳೇ ಮೈನರ್ ಇಟ್ಟುಕೊಂಡ ಮೂರು ಜನ ನನ್ನ ಹತ್ತಿರ ಬಂದರು. ಒಬ್ಬರು ಆಲ್ದೂರಿನವರು, ಒಬ್ಬರು ಸಕಲೇಶಪುರದವರು, ಇನ್ನೊಬ್ಬರು ಇಲ್ಲೇ ಚಿಕ್ಕಮಗಳೂರು ಪೇಟೆಯವರು. ಮೂವರ ಕೈಯಲ್ಲೂ ಹೊಸ ಬ್ರೇಕ್ ಸಿಲಿಂಡರ್ ಇತ್ತು. ಇಂಗ್ಲೆಂಡಿನಿಂದ ತರಿಸಿ, ಸುಂಕ ಕಟ್ಟಿ, ಕೊನೆಗೆ ಕಾರಿಗೆ ಕೂರದ ಸಿಲಿಂಡರ್. ಆರ್ಡರ್ ಮಾಡುವಾಗ ಏನು ಬರೆದಿರಿ ಅಂತ ಕೇಳಿದೆ. ಮೂವರದ್ದೂ ಒಂದೇ ಉತ್ತರ: ‘ಮಾರಿಸ್ ಮೈನರ್ 1000’.

ತಪ್ಪು ಆಗಿದ್ದು ಅಲ್ಲೇ. ಮೈನರ್ 1000 ಅನ್ನುವ ಹೆಸರಲ್ಲಿ ಎರಡು ಬೇರೆ ಬೇರೆ ಎಂಜಿನ್ ಬಂದಿವೆ, ಎರಡು ಅಳತೆಯ ಮುಂದಿನ ಬ್ರೇಕ್ ಬಂದಿವೆ, ಕ್ಲಚ್ ಪ್ಲೇಟೂ ಎರಡು ಅಳತೆ. ಹೆಸರು ಹೇಳಿ ಪಾರ್ಟ್ ಕೇಳಿದರೆ ಅಂಗಡಿಯವರು ಯಾವುದೋ ಒಂದು ಕಳಿಸುತ್ತಾರೆ. ಹಾಗಾಗಿ ಕೆಳಗಿನ ಕ್ರಮ ತಪ್ಪಿಸಬೇಡಿ: ಮೊದಲು ಕಾರು ಯಾವುದು ಅಂತ ಗೊತ್ತು ಮಾಡಿಕೊಳ್ಳಿ, ಆಮೇಲೆ ಪಾರ್ಟ್ ಯಾವುದು ಅಂತ, ಅದಾದ ಮೇಲೆ ಅಂಗಡಿ. ದುಡ್ಡಿನ ಮಾತು ಕೊನೆಗೆ. ಉದಾಹರಣೆ ಮೈನರ್ ಕನ್ವರ್ಟಿಬಲ್‌ದು, ಆದರೆ ಬೇರೆ ಓಪನ್ ಕಾರಿಗೂ ಇದೇ ಕ್ರಮ ನಡೆಯುತ್ತದೆ. ನಂಬರುಗಳು ಮಾತ್ರ ಬೇರೆ.

ಬೇಕಾಗುವ ಸಾಮಾನು

ಒಳ್ಳೆ ಟಾರ್ಚ್, ಫೋನ್ ಕ್ಯಾಮೆರಾ, ಸಣ್ಣ ಅಯಸ್ಕಾಂತ, ಮೆದು ಬ್ರಷ್, ಸೀಮೆಎಣ್ಣೆ ಅಥವಾ ಡೀಸೆಲ್, ಹಳೇ ಬನಿಯನ್ ಬಟ್ಟೆ. ಒಂದು ವರ್ನಿಯರ್ ಕ್ಯಾಲಿಪರ್, ಅಂಗುಲ ಮತ್ತು ಮಿಲಿಮೀಟರ್ ಎರಡೂ ಇರುವಂಥದ್ದು. ಬೋಲ್ಟಿನ ಸುರುಳಿ (ಥ್ರೆಡ್) ಅಳೆಯುವ ಒಂದು ಥ್ರೆಡ್ ಗೇಜ್. ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು, ಮಾರ್ಕರ್ ಪೆನ್, ನೂರು ಪುಟದ ನೋಟ್‌ಬುಕ್.

ಇವೆಲ್ಲಕ್ಕಿಂತ ಮುಖ್ಯ ಅಂಗುಲದ ಪಾನಾ ಸೆಟ್. ಈ ಕಾರಿನ ಬೋಲ್ಟು ಮಿಲಿಮೀಟರ್ ಲೆಕ್ಕದ್ದಲ್ಲ. ಅರ್ಧ ಅಂಗುಲದ ಬೋಲ್ಟಿನ ತಲೆ ಅಂದರೆ 12.7 ಮಿಲಿಮೀಟರ್. ನಮ್ಮ ಗ್ಯಾರೇಜಿನಲ್ಲಿ ಸಿಗುವ 13ರ ಪಾನಾ ಅದಕ್ಕೆ ಕೂತ ಹಾಗೆ ಕಾಣುತ್ತದೆ, ಜೋರು ಕೊಟ್ಟ ತಕ್ಷಣ ಜಾರಿ ಮೂಲೆ ಸವೆಯುತ್ತದೆ. ಮೂಲೆ ಸವೆದ ಬೋಲ್ಟನ್ನು ಆಮೇಲೆ ಉಳಿಯಿಂದ ಹೊಡೆದು ಬಿಚ್ಚುತ್ತಾರೆ, ಅಲ್ಲಿಗೆ ಆ ಒರಿಜಿನಲ್ ಬೋಲ್ಟು ಹೋಯಿತು.

ಕಂಪನಿಯ ವರ್ಕ್‌ಶಾಪ್ ಮ್ಯಾನುಯಲ್ ಮತ್ತು ಪಾರ್ಟ್ಸ್ ಪಟ್ಟಿ ಎರಡೂ ಸಂಪಾದಿಸಿ. ಮ್ಯಾನುಯಲ್ ಒಂದೇ ಇದ್ದರೆ ಸಾಲದು. ಬಿಚ್ಚುವುದು ಹೇಗೆ ಅಂತ ಅದು ಹೇಳುತ್ತದೆ, ಪಾರ್ಟ್ ನಂಬರು ಇರುವುದು ಪಟ್ಟಿಯಲ್ಲಿ.

ಹಂತ 1: ಏನೂ ಬಿಚ್ಚಬೇಡಿ, ಏನೂ ತೊಳೆಯಬೇಡಿ

ಕಾರು ಮನೆಗೆ ಬಂದ ದಿನವೇ ಪ್ರೆಶರ್ ಪಂಪಿನಲ್ಲಿ ತೊಳೆಯುವ ಆಸೆ ಎಲ್ಲರಿಗೂ ಇರುತ್ತದೆ. ತಡೆಯಿರಿ. ಹಳೇ ಗ್ರೀಸಿನ ಕೆಳಗೆ ಬಣ್ಣದ ಗುರುತು, ಚಿಕ್ಕ ತಗಡಿನ ಚೀಟಿ, ವೈರಿನ ಮೂಲ ಬಣ್ಣ ಉಳಿದಿರುತ್ತದೆ. ಮೊದಲು ಫೋಟೊ. ಎಂಜಿನ್ ಕೋಣೆ, ಡ್ಯಾಶ್‌ಬೋರ್ಡಿನ ಕೆಳಗೆ, ಡಿಕ್ಕಿ, ಸೀಟಿನ ಅಡಿ, ಹುಡ್ (ಮೇಲಿನ ಕ್ಯಾನ್ವಾಸ್ ಟಾಪ್) ಮಡಿಚಿದಾಗ, ಹುಡ್ ಬಿಚ್ಚಿದಾಗ. ಇನ್ನೂರು ಫೋಟೊ ಆದರೂ ಜಾಸ್ತಿ ಅಲ್ಲ.

ಸೀಟಿನ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ ಬಿದ್ದಿರುವ ಸಣ್ಣ ಸ್ಕ್ರೂ, ಕ್ಲಿಪ್ಪು, ಒಡೆದ ಗುಂಡಿ ಎಲ್ಲವನ್ನೂ ಎತ್ತಿ ಚೀಲಕ್ಕೆ ಹಾಕಿ. ಕಾರು ಕೊಟ್ಟವರನ್ನು ಇನ್ನೊಂದು ಸಲ ಕೇಳಿ: ಶೆಡ್ಡಿನಲ್ಲಿ, ಅಟ್ಟದ ಮೇಲೆ ಹಳೇ ಸಾಮಾನು ಏನಾದರೂ ಇದೆಯಾ? ನನ್ನ ಕಾರಿನ ಹುಡ್ಡಿನ ಎರಡು ಕಬ್ಬಿಣದ ಪಟ್ಟಿ ಸಿಕ್ಕಿದ್ದು ಗೋಣಿಚೀಲ ಒಟ್ಟಿದ್ದ ಮೂಲೆಯಲ್ಲಿ. ಅವು ಏನು ಅಂತ ಆ ತೋಟದಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೋಟದ ಹಳೇ ರೈಟರನ್ನೂ, ಡ್ರೈವರನ್ನೂ ಮಾತಾಡಿಸಿ. ಯಾವ ವರ್ಷ ಏನು ಬದಲಾಯಿಸಿದರು ಅನ್ನುವುದು ಕಾಗದದಲ್ಲಿ ಇರುವುದಿಲ್ಲ, ಅವರ ನೆನಪಿನಲ್ಲಿ ಇರುತ್ತದೆ.

ಹಂತ 2: ಚಾಸಿ ನಂಬರು ಓದಿ

ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ ಒಂದು ತಗಡಿನ ಪ್ಲೇಟು ಇರುತ್ತದೆ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಬೇಡಿ. ಅಕ್ಷರ ಆಳವಿಲ್ಲ, ಅಳಿಸಿಹೋದರೆ ಕಾರಿನ ಗುರುತೇ ಹೋದಂತೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ.

1952ರಿಂದ 1958ರವರೆಗಿನ ಕಾರುಗಳಲ್ಲಿ ಮೊದಲು ಮೂರು ಅಕ್ಷರ. ಮೊದಲನೆಯದು ಎಫ್, ಅಂದರೆ ಮೈನರ್. ಎರಡನೆಯದು ಬಾಡಿ: ಎ ಇದ್ದರೆ ನಾಲ್ಕು ಬಾಗಿಲು, ಬಿ ಇದ್ದರೆ ಎರಡು ಬಾಗಿಲು, ಸಿ ಇದ್ದರೆ ಕನ್ವರ್ಟಿಬಲ್. ಮೂರನೆಯದು ಬಣ್ಣ: ಎ ಕಪ್ಪು, ಡಿ ನೀಲಿ, ಇ ಹಸಿರು, ಹೀಗೆ. ಆಮೇಲೆ ಬರುವ ಮೊದಲ ಅಂಕಿ ಕಾರು ಯಾವ ಮಾರುಕಟ್ಟೆಗೆ ಅಂತ ಹೇಳುತ್ತದೆ. 2 ಅಂದರೆ ಬಲಗಡೆ ಸ್ಟೀರಿಂಗ್ ಇರುವ ರಫ್ತು ಕಾರು, 5 ಅಂದರೆ ಬಿಡಿಬಿಡಿಯಾಗಿ ಕಳಿಸಿ ಇನ್ನೊಂದು ದೇಶದಲ್ಲಿ ಜೋಡಿಸಿದ ಬಲಗಡೆ ಸ್ಟೀರಿಂಗ್ ಕಾರು. 1958ರ ನಂತರ ಪದ್ಧತಿ ಬದಲಾಯಿತು. ಆಗಿನ ಕನ್ವರ್ಟಿಬಲ್‌ಗೆ ನಂಬರು ‘ಎಂಎಟಿ’ ಅಂತ ಶುರುವಾಗುತ್ತದೆ, ಎರಡು ಬಾಗಿಲಿನ ಮಾಮೂಲಿ ಕಾರಿಗೆ ‘ಎಂಎ2ಎಸ್’ ಅಂತ.

ಈಗ ಆರ್‌ಸಿ ತೆಗೆದು ಹೋಲಿಸಿ. ಒಂದು ಅಂಕಿ ತಪ್ಪಿದ್ದರೂ ಪಾರ್ಟಿಗೆ ದುಡ್ಡು ಹಾಕುವ ಮುಂಚೆ ಆರ್‌ಟಿಒದಲ್ಲಿ ಸರಿ ಮಾಡಿಸಿ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಆ ನೋಂದಣಿಯಲ್ಲಿ ದಿನಾ ಓಡಿಸುವ ಹಾಗಿಲ್ಲ ಅನ್ನುವುದನ್ನೂ ಗಮನದಲ್ಲಿಡಿ. ಒರಿಜಿನಲ್ ಪಾರ್ಟ್ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನವರು ಹಳೇ ಕಾರ್ಖಾನೆ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಶುಲ್ಕ ಇದೆ. ದಾಖಲೆ ಪೂರ್ತಿ ಇದ್ದರೆ ಕಾರು ತಯಾರಾದ ದಿನ, ಮೂಲ ಬಣ್ಣ, ಒಳಗಿನ ಸೀಟಿನ ಬಣ್ಣ, ಮೂಲ ಎಂಜಿನ್ ನಂಬರು ಎಲ್ಲಾ ಸಿಗುತ್ತದೆ. ಪಾರ್ಟಿಗೆ ಕೊಡುವ ಮೊದಲ ದುಡ್ಡಿಗಿಂತ ಮುಂಚೆ ಈ ದುಡ್ಡು ಕೊಡಿ.

ಹಂತ 3: ಹುಟ್ಟಾ ಕನ್ವರ್ಟಿಬಲ್ಲಾ, ಟಾಪ್ ಕತ್ತರಿಸಿದ್ದಾ?

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಮೈನರ್‌ಗೆ ಜೀಪಿನ ತರಹ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಟಾಪ್ ಕೂಡ ಆ ಬಲದ ಒಂದು ಭಾಗ. ಅದಕ್ಕೇ ಕಂಪನಿಯವರು ಕನ್ವರ್ಟಿಬಲ್ ಮಾಡುವಾಗ ಬಾಗಿಲ ಕೆಳಗಿನ ಉದ್ದದ ಪೆಟ್ಟಿಗೆ ಭಾಗಕ್ಕೆ ಹೆಚ್ಚುವರಿ ತಗಡು ಹಾಕಿ, ಬಾಗಿಲ ಕಂಬಗಳಿಗೆ ತ್ರಿಕೋನದ ಬಲಪಟ್ಟಿ ಕೊಟ್ಟರು. ಎರಡು ಬಾಗಿಲಿನ ಮಾಮೂಲಿ ಕಾರಿನ ಟಾಪ್ ಕತ್ತರಿಸಿ ಕ್ಯಾನ್ವಾಸ್ ಹಾಕಿದರೆ ನೋಡಲು ಹಾಗೇ ಕಾಣುತ್ತದೆ, ಆದರೆ ಈ ಬಲ ಇರುವುದಿಲ್ಲ.

ಪರೀಕ್ಷೆ ಸುಲಭ. ಬಾಗಿಲು ಮುಚ್ಚಿ ಅಂಚಿನ ಸಂದು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಬಗ್ಗಿದೆ. ಒಂದು ಬದಿಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ, ಬಾಗಿಲು ತೆರೆದು ಮುಚ್ಚಿ ನೋಡಿ. ಹಿಡಿದುಕೊಂಡರೆ ಕೆಳಗೆ ತುಕ್ಕು ತಿಂದಿದೆ ಅಥವಾ ಬಲಪಟ್ಟಿ ಇಲ್ಲ. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಎಳೆಯಿರಿ. ಅಂಟದೆ ಬಿಟ್ಟುಕೊಳ್ಳುವ ಕಡೆ ಒಳಗಿರುವುದು ಪುಟ್ಟಿ, ತಗಡಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಮೂವತ್ತು ವರ್ಷ ಸೋರುವ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಇದು ಇದ್ದೇ ಇರುತ್ತದೆ ಅಂತಲೇ ಇಟ್ಟುಕೊಂಡು ಹುಡುಕಿ.

ಕತ್ತರಿಸಿದ ಕಾರು ಅಂತ ಗೊತ್ತಾದರೆ ಕಂಪನಿಯ ಹುಡ್ ಫ್ರೇಮಿಗೆ ದುಡ್ಡು ಹಾಕಬೇಡಿ. ಮೊದಲು ಬಲಪಟ್ಟಿ ಕೂರಿಸಬೇಕು, ಅದೂ ಕಾರನ್ನು ಸಮತಟ್ಟಾಗಿ ಆನಿಸಿ, ಬಾಗಿಲ ಸಂದು ಸರಿ ಮಾಡಿಕೊಂಡು. ಬಗ್ಗಿದ ಕಾರಿಗೆ ವೆಲ್ಡಿಂಗ್ ಮಾಡಿದರೆ ಆ ಬಾಗು ಹಾಗೇ ಉಳಿದುಬಿಡುತ್ತದೆ.

ಹಂತ 4: ವರ್ಷ ಮತ್ತು ಎಂಜಿನ್ ಗೊತ್ತು ಮಾಡಿಕೊಳ್ಳಿ

ಮುಂದಿನ ಗಾಜು ಎರಡು ತುಂಡಾಗಿ, ನಡುವೆ ಪಟ್ಟಿ ಇದ್ದರೆ (ಸೀಳುಗಾಜು) 1956ಕ್ಕಿಂತ ಹಿಂದಿನದು. ಒಂದೇ ಬಾಗಿದ ಗಾಜಾದರೆ ಮೈನರ್ 1000, ಅಂದರೆ 1956ರ ಕೊನೆಯಿಂದ ಈಚೆಗೆ. ಬದಿಯಿಂದ ಕೈ ಚಾಚುವ ಹಳೇ ಇಂಡಿಕೇಟರ್ 1961ರವರೆಗೆ ಬಂತು. ಕನ್ವರ್ಟಿಬಲ್ ತಯಾರಿ ನಿಂತಿದ್ದು 1969ರಲ್ಲಿ.

ಎಂಜಿನ್ ನಂಬರಿನ ತಗಡು ಬ್ಲಾಕಿನ ಬಲಗಡೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಮೇಲ್ಭಾಗದಲ್ಲಿ ಇರುತ್ತದೆ. ‘9ಎಂ’ ಅಂತ ಶುರುವಾದರೆ 948 ಸಿಸಿ, ‘10ಎಂ’ ಅಂತ ಶುರುವಾದರೆ 1962ರಿಂದ ಬಂದ 1098 ಸಿಸಿ. ಸೀಳುಗಾಜಿನ ಕಾರುಗಳಲ್ಲಿ ಮೊದಲು 918 ಸಿಸಿಯ ಸೈಡ್ ವಾಲ್ವ್ ಎಂಜಿನ್, ಆಮೇಲೆ 803 ಸಿಸಿ. ತಗಡು ಕಳೆದುಹೋಗಿದ್ದರೆ ಬ್ಲಾಕಿನ ಬದಿ ಒರೆಸಿ. 948ರಲ್ಲಿ ‘950’ ಅಂತ, 1098ರಲ್ಲಿ ‘1100’ ಅಂತ ಎರಕದಲ್ಲೇ ಉಬ್ಬಿರುತ್ತದೆ.

ವ್ಯತ್ಯಾಸ ಎಲ್ಲಿ ಕೈಕೊಡುತ್ತದೆ ನೋಡಿ. 948ಕ್ಕೆ ಕ್ಲಚ್ ಆರೂಕಾಲು ಅಂಗುಲ, 1098ಕ್ಕೆ ಏಳೂಕಾಲು. ಮುಂದಿನ ಬ್ರೇಕ್ ಡ್ರಮ್ 948ರ ಕಾಲದಲ್ಲಿ 7 ಅಂಗುಲ, 1098ರ ಜೊತೆಗೆ 8 ಅಂಗುಲ ಆಯಿತು. ಆ ಮೂವರು ತಂದ ಸಿಲಿಂಡರ್ 8 ಅಂಗುಲದ್ದು, ಅವರ ಕಾರಿನಲ್ಲಿದ್ದದ್ದು 7. ಡ್ರಮ್ಮಿನ ಒಳಗೆ ಒಂದು ಸಲ ಟೇಪ್ ಹಿಡಿದಿದ್ದರೆ ಸಾಕಿತ್ತು.

ಇನ್ನೊಂದು ಮಾತು. ಕಾರಿನ ವರ್ಷ, ಎಂಜಿನ್ನಿನ ವರ್ಷ, ಬ್ರೇಕಿನ ವರ್ಷ ಮೂರೂ ಬೇರೆ ಇರಬಹುದು. ತೋಟದ ಕಾರು ಅಂದರೆ ನಿಲ್ಲಬಾರದು, ಓಡಬೇಕು. ಕೈಗೆ ಸಿಕ್ಕಿದ್ದನ್ನು ಹಾಕಿ ಓಡಿಸಿರುತ್ತಾರೆ. ಹಾಗಾಗಿ ಪ್ರತಿ ಭಾಗವನ್ನೂ ಬೇರೆಯಾಗಿಯೇ ಗುರುತಿಸಿ.

ಹಂತ 5: ಪಾರ್ಟಿನ ಮೈ ಮೇಲಿನ ಬರಹ ಓದಿ

ನನಗೆ ತುಂಬಾ ಇಷ್ಟದ ಕೆಲಸ ಇದು. ನನ್ನ ಕಾರಿನ ಡೈನಮೋವನ್ನು ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟು, ಡೀಸೆಲ್ ಹಚ್ಚಿದ ಬ್ರಷ್‌ನಿಂದ ನಿಧಾನಕ್ಕೆ ತಿಕ್ಕಿದೆ. ಕಪ್ಪು ಜಿಡ್ಡು ಬಿಟ್ಟ ಹಾಗೆ ಮೊದಲು ‘ಲ್ಯೂಕಾಸ್’ (ಕಾರಿನ ವಿದ್ಯುತ್ ಭಾಗ ಮಾಡುವ ಕಂಪನಿ) ಅಂತ ಹೆಸರು, ಅದರ ಪಕ್ಕ ಮಾದರಿ ನಂಬರು, ಕೊನೆಗೆ ಎರಡು ಸಣ್ಣ ಅಂಕಿ ಕಂಡವು: 4, ಸ್ವಲ್ಪ ಜಾಗ ಬಿಟ್ಟು 57. ಅಂದರೆ 1957ರ ಏಪ್ರಿಲ್‌ನಲ್ಲಿ ತಯಾರಾದದ್ದು. ಕಾರು ಅದೇ ವರ್ಷದ ಬೇಸಿಗೆ ಕಳೆದು ತಯಾರಾಗಿದೆ. ಹಾಗಾದರೆ ಅದು ಕಾರಿನ ಜೊತೆಗೇ ಬಂದ ಡೈನಮೋ. ಅದನ್ನು ಬದಲಾಯಿಸುವ ಯೋಚನೆ ಬಿಟ್ಟು ಬ್ರಷ್, ಬೇರಿಂಗ್ ಮಾತ್ರ ಹಾಕಿಸಿದೆ.

ಲ್ಯೂಕಾಸ್‌ನವರು ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳ ಮೇಲೆ ಹೀಗೆ ತಿಂಗಳು ವರ್ಷ ಒತ್ತುತ್ತಿದ್ದರು. ಕಾರಿನ ತಯಾರಿ ದಿನಕ್ಕಿಂತ ಕೆಲವು ತಿಂಗಳು ಮುಂಚಿನ ದಿನಾಂಕ ಇದ್ದರೆ ಒಳ್ಳೆ ಲಕ್ಷಣ. ಕಾರಿಗಿಂತ ನಂತರದ್ದಾದರೆ ಯಾವಾಗಲೋ ಬದಲಾಗಿದೆ. ‘ಲ್ಯೂಕಾಸ್ ಟಿವಿಎಸ್’ ಅಂತಿದ್ದರೆ ನಮ್ಮ ದೇಶದಲ್ಲೇ ಆಮೇಲೆ ಹಾಕಿದ್ದು. ಕೆಲಸ ಮಾಡಬಹುದು, ಆದರೆ ಮೂಲದ್ದಲ್ಲ.

ಎಸ್‌ಯು ಕಾರ್ಬೊರೇಟರಿಗೆ ಫ್ಲೋಟ್ ಡಬ್ಬಿಯ ಮುಚ್ಚಳದ ಬೋಲ್ಟಿನ ಕೆಳಗೆ ಒಂದು ಚಿಕ್ಕ ಅಲ್ಯೂಮಿನಿಯಂ ಚೀಟಿ ಇರುತ್ತದೆ. ಅದರ ಮೇಲೆ ಎಯುಸಿ ಅಥವಾ ಎಯುಡಿ ಅಂತ ಶುರುವಾಗುವ ನಂಬರು. ಮೆಕ್ಯಾನಿಕ್‌ಗಳು ಅದನ್ನು ಬೇಡದ ವಾಷರ್ ಅಂದುಕೊಂಡು ಬಿಸಾಡುತ್ತಾರೆ, ಮೊದಲೇ ಹೇಳಿಡಿ. ಸ್ಮಿತ್ಸ್ ಸ್ಪೀಡೋಮೀಟರ್‌ನ ಮುಖದ ಮೇಲೂ ಸಣ್ಣ ಅಕ್ಷರದಲ್ಲಿ ನಂಬರುಗಳಿರುತ್ತವೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಅನ್ನುವುದೂ ಅದರಲ್ಲಿ ಸೇರಿದೆ. ನೋಡಲು ಒಂದೇ ತರಹದ ಮೀಟರ್ ತಂದು ಹಾಕಿದರೆ ತಪ್ಪು ವೇಗ ತೋರಿಸುವುದು ಇದೇ ಕಾರಣಕ್ಕೆ.

ಪ್ರತಿ ಭಾಗಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಕೊಡಿ. ಮೈ ಮೇಲಿನ ನಂಬರು, ಪಟ್ಟಿಯಲ್ಲಿರುವ ನಂಬರು, ಅಳತೆ, ಥ್ರೆಡ್, ಯಾವ ಕಡೆಯದು. ಕಂಪನಿಯವರು ಎಷ್ಟೋ ನಂಬರನ್ನು ನಂತರ ಬದಲಾಯಿಸಿದ್ದಾರೆ. ಹಳೇ ನಂಬರಿಗೆ ಹೊಸ ನಂಬರು ಯಾವುದು ಅಂತ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅಂಗಡಿಯಲ್ಲಿ ಪಾರ್ಟ್ ಇದ್ದರೂ ‘ಇಲ್ಲ’ ಅನ್ನುವ ಉತ್ತರ ಬರುತ್ತದೆ.

ಹಂತ 6: ಯಾವುದು ಹೊಸದು, ಯಾವುದು ಹಳೇದು ಅಂತ ವಿಂಗಡಿಸಿ

ಎಲ್ಲದಕ್ಕೂ ಒರಿಜಿನಲ್ ಬೇಕು ಅನ್ನುವ ಹಟ ಅಪಾಯ. ಬ್ರೇಕಿನ ರಬ್ಬರ್, ಹೋಸ್, ಪೆಟ್ರೋಲ್ ಪೈಪ್, ಟಯರ್ ಇವು ಹೊಸದೇ ಇರಬೇಕು. ‘ಹಳೇ ಸ್ಟಾಕ್, ಸೀಲ್ ಒಡೆದಿಲ್ಲ’ ಅಂತ ಅರವತ್ತು ವರ್ಷದ ರಬ್ಬರ್ ಮಾರುವವರಿದ್ದಾರೆ. ಡಬ್ಬಿ ಹೊಸದಾಗೇ ಇರುತ್ತದೆ, ಒಳಗಿನ ರಬ್ಬರ್ ಗಟ್ಟಿಯಾಗಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ಹಳೇ ರಬ್ಬರನ್ನು ತಿನ್ನುತ್ತದೆ. ಎಥೆನಾಲ್ ತಡೆಯುವ ಹೋಸನ್ನೇ ಕೇಳಿ ಹಾಕಿಸಿ.

ಹಳೇ ಬ್ರೇಕ್ ಶೂ ಮತ್ತು ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ ಬಿಚ್ಚಿದಾಗ ಏರ್ ಹೊಡೆಸಬೇಡಿ, ಬಾಯಿಂದಲೂ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಡಿ.

ಮುಂದಿನ ಚಕ್ರದ ಕಂಬಕ್ಕೆ ಮೇಲೆ ಕೆಳಗೆ ಥ್ರೆಡ್ ಇರುವ ಟ್ರನಿಯನ್, ಅಂದರೆ ಕಂಬವನ್ನು ಹಿಡಿದು ತಿರುಗಲು ಬಿಡುವ ಕೀಲು, ಬರುತ್ತದೆ. ಗ್ರೀಸ್ ಕಾಣದೆ ಥ್ರೆಡ್ ಸವೆದರೆ ಒಂದು ದಿನ ಕಂಬ ಕಳಚಿ ಚಕ್ರ ಒಳಕ್ಕೆ ಮಡಿಚಿಕೊಳ್ಳುತ್ತದೆ. ಚಕ್ರ ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಸಡಿಲ ಇದ್ದರೆ ಕಾರು ಓಡಿಸಬೇಡಿ, ಶೆಡ್ಡಿನಿಂದ ರಸ್ತೆವರೆಗೂ ಬೇಡ. ತರಿಸುವಾಗ ಬಲಗಡೆಯದಾ ಎಡಗಡೆಯದಾ ಅಂತ ಬರೆಯಿರಿ, ಒಂದು ಇನ್ನೊಂದಕ್ಕೆ ಬರುವುದಿಲ್ಲ.

ಇನ್ನು ಹುಡ್ ಫ್ರೇಮ್, ಕನ್ವರ್ಟಿಬಲ್ಲಿನದ್ದೇ ಆದ ಹಿಂದಿನ ಬದಿ ಗಾಜು, ಅದರ ಚೌಕಟ್ಟು ಇವು ಸಿಗುವುದು ಕಷ್ಟ. ಇವುಗಳ ಹುಡುಕಾಟ ಇವತ್ತೇ ಶುರು ಮಾಡಿ, ಬ್ರೇಕ್ ಕೆಲಸ ನಡೆಯುವಾಗಲೂ ಹುಡುಕುತ್ತಿರಿ. ಹುಡ್ಡಿನ ಮುಂದಿನ ಅಂಚಿಗೆ ಮರದ ಪಟ್ಟಿ ಇರುತ್ತದೆ. ಅದು ಕೊಳೆತಿದ್ದರೂ ಬಿಸಾಡಬೇಡಿ, ಬಡಗಿಗೆ ಅಚ್ಚು ಅದೇ.

ಹಂತ 7: ಎಲ್ಲಿ ಹುಡುಕಬೇಕು

ಮೊದಲು ಹತ್ತಿರದಲ್ಲಿ. ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ, ಸಕಲೇಶಪುರದ ಕಡೆ ಹಳೇ ತೋಟಗಳ ಶೆಡ್ಡಿನಲ್ಲಿ ಇನ್ನೂ ಸಾಮಾನು ಇದೆ. ಗುಜರಿಗೆ ಹೋಗುವ ಮುಂಚೆ ನಿಮಗೆ ಒಂದು ಫೋನ್ ಬರುವ ಹಾಗೆ ಪರಿಚಯ ಇಟ್ಟುಕೊಳ್ಳಿ. ಬುಷ್, ಪಿನ್, ಸ್ಪೇಸರ್‌ನಂಥದ್ದನ್ನು ಹಾಸನದ ಲೇತ್ ವರ್ಕ್‌ಶಾಪಿನಲ್ಲೇ ಮಾಡಿಸಬಹುದು. ಹಳೇ ಪೀಸನ್ನೂ ಅಳತೆ ಬರೆದ ಚೀಟಿಯನ್ನೂ ಎರಡೂ ಕೊಡಿ. ಸವೆದ ಪೀಸು ಮಾತ್ರ ಕೊಟ್ಟರೆ ಸವೆದ ಅಳತೆಗೇ ಹೊಸದು ಬರುತ್ತದೆ.

ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರ, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ಮುಂಬೈಯ ಚೋರ್ ಬಜಾರ್. ಹೋಗುವಾಗ ಪಾರ್ಟ್ ಕೈಯಲ್ಲಿರಲಿ, ಫೋಟೊ ನಂಬಬೇಡಿ. ‘ಅಂಬಾಸಡರ್‌ದೇ ಇದಕ್ಕೂ ಬರುತ್ತೆ ಸಾರ್’ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ಎರಡೂ ಮಾರಿಸ್ ಮನೆತನದವು, ಮುಂದಿನ ಸಸ್ಪೆನ್ಷನ್ನಿನ ರೀತಿಯೂ ಒಂದೇ ಜಾತಿ, ನಿಜ. ಆದರೆ ಅಂಬಾಸಡರ್ ದೊಡ್ಡ ಕಾರು, ಅದರ ಭಾಗಗಳೂ ದೊಡ್ಡವು. ವರ್ನಿಯರ್ ಹಿಡಿದು ಅಳೆಯದೆ ಹ್ಞೂಂ ಅನ್ನಬೇಡಿ.

ಬ್ರಿಟನ್ನಿನಲ್ಲಿ ಮೈನರ್ ಪಾರ್ಟ್ ಮಾತ್ರ ಮಾರುವ ಅಂಗಡಿಗಳೇ ಇವೆ, ಈ ಕಾರಿನ ಮಟ್ಟಿಗೆ ನಾವು ಅದೃಷ್ಟವಂತರು. ಆದರೆ ಬಂಪರ್, ಮಡ್‌ಗಾರ್ಡ್‌ನಂಥ ದೊಡ್ಡ ಸಾಮಾನಿಗೆ ಸಾಗಾಣಿಕೆ ಮತ್ತು ಸುಂಕ ಸೇರಿ ಪಾರ್ಟಿನ ಬೆಲೆಯನ್ನೇ ಮೀರಬಹುದು. ಸಣ್ಣದನ್ನು ಅಲ್ಲಿಂದ, ದೊಡ್ಡದನ್ನು ಇಲ್ಲಿ ಟಿಂಕರಿಂಗ್ ಮಾಡಿಸಿ ಉಳಿಸಿಕೊಳ್ಳಿ. ಬಿಲ್ಲಿನಲ್ಲಿ ‘ಗಿಫ್ಟ್’ ಅಂತ ಸುಳ್ಳು ಬರೆಸಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಸಾಮಾನೂ ಹೋಗುತ್ತದೆ.

ಹಂತ 8: ದುಡ್ಡು ಕೊಡುವ ಮುಂಚೆ

ಮಾರುವವರನ್ನು ನಾಲ್ಕು ಫೋಟೊ ಕೇಳಿ: ನಂಬರಿನ ಹತ್ತಿರದ ಫೋಟೊ, ಹಿಂಭಾಗ, ಥ್ರೆಡ್, ಟೇಪ್ ಪಕ್ಕ ಇಟ್ಟು ಅಳತೆ. ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ. ‘ಎಲ್ಲಾ ಮಾಡೆಲ್‌ಗೂ ಬರುತ್ತದೆ’ ಅಂದರೆ ಎಚ್ಚರ. ಹಳೇ ಪಾರ್ಟಿಗೆ ದಪ್ಪನೆ ಹೊಸ ಬಣ್ಣ ಬಳಿದಿದ್ದರೆ ಇನ್ನೂ ಎಚ್ಚರ, ಬಿರುಕನ್ನೂ ವೆಲ್ಡಿಂಗನ್ನೂ ಮುಚ್ಚಲು ಬಣ್ಣಕ್ಕಿಂತ ಸುಲಭದ್ದು ಇಲ್ಲ.

ವಿದ್ಯುತ್ ಸಾಮಾನಿಗೆ ಒಂದು ಪ್ರಶ್ನೆ ಕಡ್ಡಾಯ. ಮೈನರ್‌ನ ಮೂಲ ವೈರಿಂಗ್‌ನಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರುತ್ತದೆ, ಈಗಿನ ಕಾರುಗಳಿಗೆ ಉಲ್ಟಾ. ನಿಮ್ಮ ಕಾರಿನಲ್ಲಿ ಈಗ ಯಾವುದಿದೆ ನೋಡಿ, ಯಾರಾದರೂ ಬದಲಾಯಿಸಿರಬಹುದು. ಎಲೆಕ್ಟ್ರಾನಿಕ್ ಇಗ್ನಿಷನ್ ತಪ್ಪು ಕಡೆಗೆ ಸೇರಿಸಿದರೆ ಆ ಕ್ಷಣಕ್ಕೇ ಸುಟ್ಟುಹೋಗುತ್ತದೆ.

ಹಂತ 9: ಪಾರ್ಟ್ ಬಂದ ಮೇಲೆ

ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ವರ್ನಿಯರ್ ಹಿಡಿಯಿರಿ. ಥ್ರೆಡ್ಡನ್ನು ಕೈಯಲ್ಲೇ ತಿರುಗಿಸಿ. ಮೂರು ನಾಲ್ಕು ಸುತ್ತು ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಪಾನಾ ಹಾಕಬೇಡಿ, ಥ್ರೆಡ್ ಬೇರೆ ಇದೆ. ಹೊಸದು ಕೂತು, ಕೆಲಸ ಮಾಡಿ, ಒಂದು ತಿಂಗಳು ಕಳೆಯುವವರೆಗೆ ಹಳೇದನ್ನು ಗುಜರಿಗೆ ಕೊಡಬೇಡಿ. ನಾನಂತೂ ಕೊಡುವುದೇ ಇಲ್ಲ. ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ, ಚೀಲದ ಮೇಲೆ ನಂಬರು ಬರೆದು ಮುಚ್ಚಳ ಇರುವ ಡಬ್ಬದಲ್ಲಿ ಇಡುತ್ತೇನೆ. ಜೂನ್ ಬಂತೆಂದರೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಬರೀ ಕಪಾಟಿನಲ್ಲಿಟ್ಟ ಕಬ್ಬಿಣ ಸೆಪ್ಟೆಂಬರ್‌ಗೆ ಕೆಂಪಾಗಿರುತ್ತದೆ.

ಬ್ರೇಕ್ ಕೆಲಸ ಮುಗಿದ ದಿನ ನೇರ ಗಿರಿಯ ಘಾಟಿ ರಸ್ತೆಗೋ ಚಾರ್ಮಾಡಿ ಘಾಟಿಗೋ ಹೋಗಬೇಡಿ. ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ, ನೆಲದ ತಗಡಿನ ಅಡಿಯಲ್ಲಿದೆ, ಸೋರಿದರೂ ಮೇಲಿಂದ ಕಾಣುವುದಿಲ್ಲ. ರಾತ್ರಿ ಕಾರಿನ ಕೆಳಗೆ ಪೇಪರ್ ಹಾಸಿ ಬಿಡಿ. ಬೆಳಿಗ್ಗೆ ಕಲೆ ಇಲ್ಲದಿದ್ದರೆ ಪೆಡಲ್ ಒತ್ತಿ ಒಂದು ನಿಮಿಷ ಹಿಡಿಯಿರಿ. ಪೆಡಲ್ ಕೆಳಗೆ ಇಳಿಯದೆ ನಿಂತರೆ ಕಾಫಿ ಕಣದಲ್ಲಿ ಹತ್ತು ಸುತ್ತು ಹೊಡೆದು, ಮತ್ತೆ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿ.